ಸಮುದ್ರಕ್ಕೊಂದು ರಹದಾರಿ

ಈಗಿನ ಹಡಗುಗಳಲ್ಲಿ ಎಐಎಸ್ ಅಂತ ಒಂದು ಉಪಕರಣ ಇರುತ್ತೆ. ನಾನು ಇಂಥ ಹಡಗು, ಇಲ್ಲಿದ್ದೇನೆ, ಈ ದಿಕ್ಕಿಗೆ ಇಷ್ಟು ವೇಗದಲ್ಲಿ ಹೋಗ್ತಾ ಇದ್ದೇನೆ ಅಂತ ರೇಡಿಯೋ ಮೂಲಕ ಸುತ್ತಲಿನವರಿಗೆಲ್ಲ ಸಾರುತ್ತಾ ಇರುವುದು ಅದರ ಕೆಲಸ. ಕತ್ತಲಲ್ಲಿ, ಮಂಜಿನಲ್ಲಿ ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲಿ ಅಂತ ಮಾಡಿಕೊಂಡ ವ್ಯವಸ್ಥೆ. ಅದರಲ್ಲಿ 'ಹೋಗುವ ಬಂದರು' ಅಂತ ಒಂದು ಖಾನೆ ಇದೆ, ಇಪ್ಪತ್ತು ಅಕ್ಷರ ಹಿಡಿಯುವಷ್ಟು ಜಾಗ. 2024ರ ಜನವರಿ ಹೊತ್ತಿಗೆ ಕೆಂಪು ಸಮುದ್ರ ದಾಟುತ್ತಿದ್ದ ಕೆಲವು ಹಡಗುಗಳು ಆ ಖಾನೆಯಲ್ಲಿ ಬಂದರಿನ ಹೆಸರು ಬಿಟ್ಟು ಬೇರೆ ಬರೆಯತೊಡಗಿದವು. ಒಂದು ಹಡಗು ತನ್ನ ಸಿಬ್ಬಂದಿಯೆಲ್ಲ ಚೀನೀಯರು ಅಂತ. ಇನ್ನೊಂದು, ಇಸ್ರೇಲಿಗೂ ತನಗೂ ಏನೇನೂ ಸಂಬಂಧ ಇಲ್ಲ ಅಂತ. ಯೆಮೆನ್ ಕರಾವಳಿಯಲ್ಲಿ ಕ್ಷಿಪಣಿ ಹಿಡಿದು ಕೂತ ಹೌತಿಗಳು ಓದಿಕೊಳ್ಳಲಿ, ಓದಿ ಬಿಟ್ಟುಬಿಡಲಿ ಅಂತ.

ನನ್ನ ಚಿಕ್ಕಮ್ಮನ ಮಗ ಟ್ಯಾಂಕರ್ ಹಡಗುಗಳಲ್ಲಿ ಕೆಲಸ ಮಾಡ್ತಾನೆ. ಕುಂದಾಪುರದ ಕಡೆಯವನು. ರಜೆಗೆ ಬಂದಾಗ ಇದನ್ನು ಕೇಳಿದೆ. ನಕ್ಕುಬಿಟ್ಟು, "ಮಿಸೈಲಿಗೆ ಓದುಕೆ ಬತ್ತಾ ಅಣ್ಣಾ?" ಅಂದ.

ಬರಲ್ಲ, ನಿಜ. ಆದರೆ ಈ ಸುದ್ದಿ ಓದಿದಾಗಿನಿಂದ ನನ್ನ ತಲೆಯಲ್ಲಿ ಒಂದು ಹಳೇ ಪೋರ್ಚುಗೀಸ್ ಪದ ತಿರುಗ್ತಾ ಇದೆ. ಕಾರ್ತಾಜ್. ನಮ್ಮ ಕರಾವಳಿಯ ವ್ಯಾಪಾರಿಗಳು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಡಗಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಓಡಾಡಿದ ಕಾಗದ ಅದು. ಕನ್ನಡದಲ್ಲಿ ರಹದಾರಿ ಅನ್ನಬಹುದು. ಇವತ್ತು ಅದರ ಕಥೆ ಹೇಳೋಣ ಅಂತ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಕೂತುಕೊಳ್ಳಿ :)

ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ ಅನ್ನುವುದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ. ಅವನು ವಾಪಸ್ ಹೋದ ಮೇಲೆ ಪೋರ್ಚುಗಲ್ಲಿನ ದೊರೆ ಮ್ಯಾನುಯಲ್ ತನ್ನ ಬಿರುದಾವಳಿಗೆ ಒಂದು ಸಾಲು ಸೇರಿಸಿಕೊಂಡ. ಇಥಿಯೋಪಿಯ, ಅರೇಬಿಯ, ಪರ್ಷಿಯ ಮತ್ತು ಭಾರತದ ವಿಜಯ, ನೌಕಾಯಾನ ಮತ್ತು ವಾಣಿಜ್ಯಕ್ಕೆ ತಾನೇ ಒಡೆಯ ಅಂತ. ವಿಜಯವೇನೋ ಸರಿ, ರಾಜರು ಹಾಗೆ ಹೇಳಿಕೊಳ್ಳುವುದು ಇದ್ದದ್ದೇ. ನೌಕಾಯಾನಕ್ಕೆ ಒಡೆಯ ಅಂದರೆ? ಅದರ ಅರ್ಥ ಕೆಲವೇ ವರ್ಷಗಳಲ್ಲಿ ಎಲ್ಲರಿಗೂ ಗೊತ್ತಾಯಿತು. 1502ರಲ್ಲಿ ಗಾಮ ಎರಡನೇ ಸಲ ಬಂದಾಗ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಹಿಡಿದು, ಸರಕು ದೋಚಿ, ಜನ ಒಳಗಿರುವಾಗಲೇ ಬೆಂಕಿ ಹಚ್ಚಿಸಿದ. ಇನ್ನು ಮುಂದೆ ಈ ಸಮುದ್ರದಲ್ಲಿ ಓಡಾಡುವವರು ನಮ್ಮ ಕಾಗದ ಇಟ್ಟುಕೊಂಡಿರಬೇಕು ಅನ್ನುವ ನಿಯಮ ಬೇರೂರಿದ್ದು ಆ ಕಾಲದಲ್ಲಿ.

ಕಾಗದದಲ್ಲಿ ಏನಿರ್ತಿತ್ತು? ಹಡಗಿನ ಹೆಸರು, ನಾಯಕನ ಹೆಸರು, ಎಷ್ಟು ಭಾರದ ಹಡಗು, ಎಷ್ಟು ಜನ, ಏನೇನು ಆಯುಧ, ಎಲ್ಲಿಂದ ಎಲ್ಲಿಗೆ. ಏನೇನು ಸಾಗಿಸಬಾರದು ಅನ್ನುವ ಪಟ್ಟಿ: ಕಾಳುಮೆಣಸು, ಕುದುರೆ, ಯುದ್ಧ ಸಾಮಗ್ರಿ ಇತ್ಯಾದಿ. ಕಾಗದದ ಶುಲ್ಕ ಅಲ್ಪವೇ. ಆದರೆ ಅದರೊಳಗೆ ಒಂದು ಷರತ್ತು, ಹೋಗುವಾಗಲೋ ಬರುವಾಗಲೋ ಪೋರ್ಚುಗೀಸರ ಬಂದರಿಗೆ ಬಂದು ಸುಂಕ ಕಟ್ಟಬೇಕು. ದುಡ್ಡು ಇದ್ದದ್ದು ಅಲ್ಲಿ. ಕಾಗದ ಇಲ್ಲದ ಹಡಗು ಸಿಕ್ಕಿದರೆ ಸರಕು ಮುಟ್ಟುಗೋಲು, ಜನರ ಗತಿ ಹಿಡಿದವನ ಮರ್ಜಿ.

ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಅಂತ ಕರೆದದ್ದನ್ನು ನಾವು ಹೆಮ್ಮೆಯಿಂದ ಹೇಳ್ತೇವೆ. ಹೇಳಲಿ, ಹೇಳಬೇಕಾದ್ದೇ. ಆದರೆ ಆ ರಾಣಿಯ ಮೆಣಸು ಘಟ್ಟ ಇಳಿದು ಹೊನ್ನಾವರಕ್ಕೆ ಬಂದ ಮೇಲೆ ಯಾರ ಹಡಗಿನಲ್ಲಿ ಹೋಗಬೇಕು ಅನ್ನುವುದು ಅವಳೊಬ್ಬಳ ಕೈಯಲ್ಲಿ ಇರಲಿಲ್ಲ ಅನ್ನುವುದನ್ನೂ ಜೊತೆಗೆ ನೆನಪಿಟ್ಟುಕೊಳ್ಳಬೇಕು.

ದೆಹಲಿ ಆಗ್ರಾಗಳಲ್ಲಿ ಕೂತ ಮೊಘಲರಿಗೂ ಈ ಕಾಗದ ತಪ್ಪಲಿಲ್ಲ. ಅಕ್ಬರನ ಅತ್ತೆ ಗುಲ್‌ಬದನ್ ಬೇಗಂ 1570ರ ದಶಕದಲ್ಲಿ ಮೆಕ್ಕಾಕ್ಕೆ ಹೊರಟು ರಹದಾರಿಗಾಗಿ ಸೂರತ್ತಿನಲ್ಲಿ ಕಾಯುತ್ತಾ ಕೂರಬೇಕಾಯಿತು. ಅದೂ ಯಾರ ಕಾಲದಲ್ಲಿ, ಅಕ್ಬರನ ಕಾಲದಲ್ಲಿ! ಕಾಗದದ ಮೇಲೆ ಮೇರಿ ಮತ್ತು ಯೇಸುವಿನ ಚಿತ್ರ ಇರ್ತಿತ್ತು. ಅಕ್ಬರನ ಆಸ್ಥಾನದ ಧರ್ಮಪಂಡಿತನೊಬ್ಬ, ಇಂಥ ಚಿತ್ರವಿರುವ ಕಾಗದ ಹಿಡಿದು ಹೋಗುವುದು ವಿಗ್ರಹಾರಾಧನೆಗೆ ಸಮ, ಆದ್ದರಿಂದ ಹಜ್ ಕಡ್ಡಾಯವೇ ಅಲ್ಲ ಅಂತ ತೀರ್ಪು ಕೊಟ್ಟುಬಿಟ್ಟ. (ಅವನಿಗೆ ಖರ್ಚು ಮಾಡಿ ಹೋಗಲು ಮನಸ್ಸಿರಲಿಲ್ಲ ಅನ್ನುವ ಗುಮಾನಿ ನನಗೆ!)

ಕಾಗದ ಇದ್ದರೆ ಸಾಕಿತ್ತಾ? ಅದೂ ಇಲ್ಲ. 1613ರಲ್ಲಿ ಸೂರತ್ತಿನ ಬಳಿ ಪೋರ್ಚುಗೀಸರು 'ರಹೀಮಿ' ಅನ್ನುವ ದೊಡ್ಡ ಹಡಗನ್ನು ಹಿಡಿದರು. ಅದರ ಒಡತಿ ಜಹಾಂಗೀರನ ತಾಯಿ ಮರಿಯಂ ಉಜ್ ಜಮಾನಿ. ಹಡಗಿನಲ್ಲಿ ರಹದಾರಿ ಇತ್ತು, ಎಲ್ಲ ಕ್ರಮಬದ್ಧವಾಗಿತ್ತು, ಆದರೂ ಹಿಡಿದರು. ಇಂಗ್ಲಿಷರನ್ನು ಹತ್ತಿರ ಸೇರಿಸಿಕೊಳ್ಳುತ್ತಿದ್ದಾನೆ ಅಂತ ಜಹಾಂಗೀರನ ಮೇಲಿದ್ದ ಸಿಟ್ಟು. ಆತ ಪೋರ್ಚುಗೀಸರ ವ್ಯಾಪಾರ ನಿಲ್ಲಿಸಿ, ದಮನ್ ಮುತ್ತಿಗೆಗೆ ಸೈನ್ಯ ಕಳಿಸಿದ. ನೆಲದ ಮೇಲೆ ಅಷ್ಟು ದೊಡ್ಡ ಬಾದಶಹ, ಸಮುದ್ರದಲ್ಲಿ ಅಮ್ಮನ ಹಡಗು ಬಿಡಿಸಿಕೊಳ್ಳಲು ಕೈಲಾಗಲಿಲ್ಲ.

ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಒಂದು ಮಾತು ಬರುತ್ತೆ. ಪರಂಗಿಗಳು ಬರುವ ಮುಂಚೆ ನಮ್ಮ ಸಮುದ್ರ ಎಲ್ಲರದ್ದಾಗಿತ್ತು, ಅರಬರು, ಗುಜರಾತಿಗಳು, ಚೀನೀಯರು ಯಾರ ಅಡ್ಡಿಯೂ ಇಲ್ಲದೆ ಓಡಾಡಿಕೊಂಡಿದ್ದರು ಅಂತ. ಬಹುಪಾಲು ನಿಜವೇ. ಆದರೆ ಪೂರ್ತಿ ನಿಜ ಅಲ್ಲ, ಮತ್ತು ಅದಕ್ಕೆ ಸಾಕ್ಷಿ ಸಿಗುವುದು ನಮ್ಮ ಬಾರ್ಕೂರಿನಲ್ಲೇ.

1342ರ ಸುಮಾರಿಗೆ ಇಬ್ನ್ ಬತೂತ ಈ ಕರಾವಳಿಯಲ್ಲಿ ಹಾದುಹೋದ. ಮುಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ್ದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ (ಅದೇ ಒಂದು ಬೇರೆ ಬರಹಕ್ಕೆ ವಸ್ತು). ಅಲ್ಲಿಂದ ದಕ್ಷಿಣಕ್ಕೆ ಬರುವಾಗ ಅವನು 'ಫಾಕನೂರ್' ಅನ್ನುವ ಊರು ಹೇಳ್ತಾನೆ, ಅದೇ ಬಾರ್ಕೂರು. ಅಲ್ಲಿನ ರಾಜ ಬಾಸದೇವ, ಅಂದರೆ ವಾಸುದೇವ. ಅವನ ಹತ್ತಿರ ಸುಮಾರು 30 ಯುದ್ಧದ ಹಡಗುಗಳು, ಅವುಗಳ ದಂಡನಾಯಕ ಲೂಲಾ ಅನ್ನುವ ಮುಸ್ಲಿಂ. ಆ ಊರಿನ ಪದ್ಧತಿ ಏನೆಂದರೆ, ಹತ್ತಿರ ಹಾದುಹೋಗುವ ಯಾವ ಹಡಗೇ ಆದರೂ ಬಂದರಿಗೆ ಬಂದು ಲಂಗರು ಹಾಕಿ ರಾಜನಿಗೆ ಕಾಣಿಕೆ ಕೊಡಬೇಕು. ಅದಕ್ಕೆ 'ಬಂದರಿನ ಹಕ್ಕು' ಅಂತ ಹೆಸರು. ಕೊಡದೆ ಜಾರಿಕೊಂಡರೆ ರಾಜನ ಹಡಗುಗಳು ಅಟ್ಟಿಸಿಕೊಂಡು ಹೋಗಿ ಎಳೆತಂದು, ಸುಂಕ ದುಪ್ಪಟ್ಟು ಮಾಡಿ, ಮನಸ್ಸು ಬಂದಷ್ಟು ದಿನ ಕೂರಿಸಿಕೊಳ್ತಿದ್ದವು. ಲೂಲಾನ ಬಗ್ಗೆ ಬತೂತನಿಗೆ ಒಳ್ಳೇ ಅಭಿಪ್ರಾಯ ಇಲ್ಲ, ಕಡಲ್ಗಳ್ಳ ಅಂತಲೇ ಬೈದಿದ್ದಾನೆ.

ಹಾಗಾದರೆ ಬಾರ್ಕೂರಿಗೂ ಗೋವೆಗೂ ಏನು ವ್ಯತ್ಯಾಸ?

ನನಗೆ ಅನ್ನಿಸುವುದು ಇಷ್ಟು. ಬಾರ್ಕೂರಿನ ರಾಜ ಕೇಳಿದ್ದು ತನ್ನ ಊರಿನ ಮುಂದಿನ ನೀರನ್ನು. ಅವನ 30 ಹಡಗು ಎಷ್ಟು ದೂರ ಅಟ್ಟಿಸಿಕೊಂಡು ಹೋಗಬಲ್ಲವೋ ಅಷ್ಟೇ ಅವನ ಹಕ್ಕು. ಅದರಾಚೆ ಹೋದವನ ಮೇಲೆ ಅವನಿಗೆ ಅಧಿಕಾರವೂ ಇಲ್ಲ, ಇದೆ ಅಂತ ಅವನು ಹೇಳಿದ್ದೂ ಇಲ್ಲ. ಪೋರ್ಚುಗೀಸರು ಕೇಳಿದ್ದು ಇಡೀ ಸಮುದ್ರವನ್ನು, ತಾವು ಕಣ್ಣಿಂದ ನೋಡಿರದ ನೀರನ್ನೂ ಸೇರಿಸಿ. ಅದಕ್ಕೊಂದು ಸಿದ್ಧಾಂತವನ್ನೂ ಹೆಣೆದರು. ಅವರ ಚರಿತ್ರೆಕಾರ ಜೊವಾವ್ ದ ಬಾರೋಸ್ 1552ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಕಾರಣ ಕೊಡ್ತಾನೆ. ಸಮುದ್ರ ಎಲ್ಲರಿಗೂ ಸಮಾನ ಅನ್ನುವ ಕಾನೂನು ಯೂರೋಪಿನ ಕ್ರೈಸ್ತರ ನಡುವೆ ಮಾತ್ರ, ಆ ಕಾನೂನಿನ ಹೊರಗಿರುವ ಮುಸಲ್ಮಾನರಿಗೂ ಇತರರಿಗೂ ಅದು ಅನ್ವಯಿಸಲ್ಲ ಅನ್ನುವುದು ಅವನ ವಾದದ ತಿರುಳು. ಎಷ್ಟು ಸಲೀಸು ನೋಡಿ! ನಿಯಮ ಇದೆ, ಆದರೆ ನಿಮಗಲ್ಲ.

ಸಮುದ್ರ ಯಾರದ್ದು ಅನ್ನುವ ಎಲ್ಲ ಜಗಳದ ಬೇರು ಇರುವುದು ಇಲ್ಲೇ. ದಡದವನ ಕೈ ನೀರಿನೊಳಕ್ಕೆ ಎಷ್ಟು ದೂರ ಚಾಚಬಹುದು? ಬಾರ್ಕೂರಿನಿಂದ ಇವತ್ತಿನವರೆಗೂ ಪ್ರಶ್ನೆ ಇದೊಂದೇ.

ಮುಂದಿನ ಕಥೆ ಸಿಂಗಾಪುರದ ಹತ್ತಿರ. 1603ರ ಫೆಬ್ರವರಿ 25ರಂದು ಡಚ್ ನಾಯಕ ಹೀಮ್ಸ್‌ಕರ್ಕ್ ಅನ್ನುವವನು 'ಸಾಂತಾ ಕಟರೀನಾ' ಅನ್ನುವ ಪೋರ್ಚುಗೀಸ್ ಹಡಗನ್ನು ಹಿಡಿದ. ರೇಷ್ಮೆ, ಪಿಂಗಾಣಿ ಎಲ್ಲ ತುಂಬಿದ್ದ ಹಡಗು. ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದಾಗ 30 ಲಕ್ಷ ಗಿಲ್ಡರಿಗೂ ಹೆಚ್ಚು ಬಂತು. ಇದು ಯುದ್ಧದ ಲಾಭವೋ, ಕಳ್ಳತನದ ಮಾಲೋ ಅಂತ ಡಚ್ಚರಲ್ಲೇ ಕೆಲವರಿಗೆ ಕಸಿವಿಸಿ. ಆಗ ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ವಾದ ಬರೆಯಲು ಸಿಕ್ಕಿದವನು 21 ವರ್ಷದ ವಕೀಲ ಹ್ಯೂಗೋ ಗ್ರೋಷಿಯಸ್. ಅವನು ಬರೆದ ದೊಡ್ಡ ಗ್ರಂಥದ ಒಂದು ಅಧ್ಯಾಯ ಮಾತ್ರ 1609ರಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾಯಿತು. ಹೆಸರು 'ಮಾರೆ ಲಿಬೆರುಮ್', ಸ್ವತಂತ್ರ ಸಮುದ್ರ. ಪೂರ್ತಿ ಹಸ್ತಪ್ರತಿ ಬೆಳಕಿಗೆ ಬಂದದ್ದು 1864ರಲ್ಲಿ. ಅಂತಾರಾಷ್ಟ್ರೀಯ ಕಾನೂನಿನ ವಿದ್ಯಾರ್ಥಿಗಳೆಲ್ಲ ಗೌರವದಿಂದ ಹೆಸರು ಹೇಳುವ ಪುಸ್ತಕ ಹುಟ್ಟಿದ್ದು ಹೀಗೆ, ಹಿಡಿದ ಹಡಗಿನ ಮಾಲನ್ನು ಸಮರ್ಥಿಸಲಿಕ್ಕೆ.

ಪುಸ್ತಕದ ವಾದ ಮಾತ್ರ ಗಟ್ಟಿಯಾದದ್ದು. ಸಮುದ್ರವನ್ನು ಯಾರೂ ಬೇಲಿ ಹಾಕಿ ಹಿಡಿದಿಟ್ಟುಕೊಳ್ಳಲಾರರು, ಒಬ್ಬ ಹಾದುಹೋದರೆ ಇನ್ನೊಬ್ಬನಿಗೆ ಕಮ್ಮಿಯಾಗುವುದಿಲ್ಲ, ಆದ್ದರಿಂದ ಗಾಳಿಯ ಹಾಗೆ ಅದು ಎಲ್ಲರದ್ದು. ಇಂಡಿಯಾದವರಿಗೆ ಅವರದೇ ರಾಜರಿದ್ದಾರೆ, ಅವರದೇ ಕಾನೂನಿದೆ, ಪೋಪ್ ಹಂಚಿಕೊಟ್ಟ ಮಾತ್ರಕ್ಕೆ ಪೋರ್ಚುಗೀಸರದ್ದಾಗುವುದಿಲ್ಲ ಅಂತಲೂ ಬರೆದ. ಮದರಾಸು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಅಲೆಕ್ಸಾಂಡ್ರೊವಿಚ್ ಅನ್ನುವ ವಿದ್ವಾಂಸರು 1967ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಗ್ರೋಷಿಯಸ್‌ಗೆ ಈ ಕಲ್ಪನೆ ಬಂದದ್ದರಲ್ಲಿ ನಮ್ಮ ಸಮುದ್ರದ ಹಳೇ ರೂಢಿಗಳ ಪಾಲೂ ಇದೆ ಅಂತ ವಾದಿಸಿದರು. ಎಲ್ಲರೂ ಒಪ್ಪಿಲ್ಲ. ಬಾರ್ಕೂರಿನ ಲೂಲಾನನ್ನು ನೆನೆಸಿಕೊಂಡರೆ ನನಗೂ ಪೂರ್ತಿ ಒಪ್ಪಲು ಮನಸ್ಸು ಬರಲ್ಲ, ಆದರೆ ತಳ್ಳಿಹಾಕಲೂ ಆಗಲ್ಲ. 1615ರಲ್ಲಿ ಮಕಾಸರದ ಸುಲ್ತಾನ, ದೇವರು ನೆಲವನ್ನು ಹಂಚಿಕೊಟ್ಟ, ಸಮುದ್ರವನ್ನು ಎಲ್ಲರಿಗೂ ಒಟ್ಟಾಗಿ ಬಿಟ್ಟ ಅನ್ನುವ ಅರ್ಥದ ಉತ್ತರ ಕೊಟ್ಟಿದ್ದ. ಅವನೇನು ಲ್ಯಾಟಿನ್ ಪುಸ್ತಕ ಓದಿ ಹೇಳಿದ್ದಲ್ಲ.

ಮಜಾ ಏನು ಗೊತ್ತಾ? ಸುಲ್ತಾನ ಈ ಉತ್ತರ ಕೊಟ್ಟದ್ದು ಡಚ್ಚರಿಗೆ! ಲವಂಗ ಜಾಯಿಕಾಯಿ ದ್ವೀಪಗಳಿಗೆ ನಿಮ್ಮ ಹಡಗು ಹೋಗಕೂಡದು ಅಂತ ಅವರು ತಡೆದಾಗ. ಅದಕ್ಕೂ ಎರಡು ವರ್ಷ ಮುಂಚೆ, 1613ರಲ್ಲಿ, ಲಂಡನ್ನಿನಲ್ಲಿ ಇಂಗ್ಲಿಷರಿಗೂ ಡಚ್ಚರಿಗೂ ಅದೇ ದ್ವೀಪಗಳ ಬಗ್ಗೆ ಮಾತುಕತೆ ನಡೆಯಿತು. ಇಂಗ್ಲಿಷರು 'ಮಾರೆ ಲಿಬೆರುಮ್' ಪುಸ್ತಕವನ್ನೇ ಮುಂದಿಟ್ಟು, ನೀವೇ ಅಲ್ವಾ ಸಮುದ್ರ ಎಲ್ಲರದ್ದು ಅಂದದ್ದು ಅಂತ ಕೇಳಿದರು. ಎದುರು ಕೂತ ಡಚ್ ನಿಯೋಗದಲ್ಲಿ ಸ್ವತಃ ಗ್ರೋಷಿಯಸ್ ಇದ್ದ. ಅವನ ಮುಖ ಹೇಗಾಗಿರಬಹುದು ಅಂತ ಊಹಿಸಿಕೊಂಡು ಎಷ್ಟೋ ಸಲ ನಕ್ಕಿದ್ದೇನೆ. ನಗುವಂಥದ್ದು ಅಲ್ಲ ನಿಜವಾಗಿ. 1621ರಲ್ಲಿ ಡಚ್ಚರು ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಬಂದಾ ದ್ವೀಪದ ಜನರನ್ನು ಬಹುಪಾಲು ಕೊಂದು, ಓಡಿಸಿ ಮುಗಿಸಿದರು.

ಕನ್ನಡ ಕರಾವಳಿಗೆ ಮರಳೋಣ. 1650ರ ದಶಕದ ಮೊದಲರ್ಧದಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಗಟ್ಟಿದ. ದೊಡ್ಡ ಗೆಲುವು, ಅನುಮಾನವೇ ಇಲ್ಲ. ಆದರೆ ಕೋಟೆ ಗೆದ್ದರೆ ನೆಲ ಬಂತು, ನೀರು ಬರಲಿಲ್ಲ. ನಮ್ಮ ಕರಾವಳಿಯ ಅಕ್ಕಿ ಆಗ ಗೋವೆಗೂ ಮಸ್ಕತ್ತಿಗೂ ಮಲಬಾರಿಗೂ ಹೋಗ್ತಿತ್ತು. ಅದು ನೆಮ್ಮದಿಯಾಗಿ ದಾಟಬೇಕಾದರೆ ಗೋವೆಯವರ ಜೊತೆ ಒಪ್ಪಂದ ಬೇಕು, ಅವರ ರಹದಾರಿ ಬೇಕು. ಚೆನ್ನಮ್ಮನ ಆಳ್ವಿಕೆಯಲ್ಲಿ, 1678ರಲ್ಲಿ, ಆದ ಒಪ್ಪಂದದಲ್ಲಿ ಪೋರ್ಚುಗೀಸರ ವ್ಯಾಪಾರದ ಕೋಠಿಗಳು ಈ ಕರಾವಳಿಗೆ ಮತ್ತೆ ಬಂದವು. ಇದನ್ನು ಸೋಲು ಅನ್ನಲು ನಾನು ತಯಾರಿಲ್ಲ. ಗೋವೆಯವರಿಗೆ ನಮ್ಮ ಅಕ್ಕಿ ಇಲ್ಲದೆ ಊಟ ಇಲ್ಲ, ನಮ್ಮವರಿಗೆ ಅವರ ಕಾಗದ ಇಲ್ಲದೆ ಸಾಗಾಟ ಇಲ್ಲ. ಇಬ್ಬರೂ ಹಲ್ಲು ಕಚ್ಚಿಕೊಂಡು ನಿಭಾಯಿಸಿದರು. ಅಷ್ಟರಲ್ಲಿ ಡಚ್ಚರೂ ಇಂಗ್ಲಿಷರೂ ತಮ್ಮ ತಮ್ಮ ರಹದಾರಿ ಹಂಚತೊಡಗಿದ್ದರು. ಮರಾಠರ ಕಾನ್ಹೋಜಿ ಆಂಗ್ರೆ, ನಮ್ಮ ಕೊಂಕಣದ ನೀರಿಗೆ ನಮ್ಮದೇ ದಸ್ತಕ್ ಅಂತ ಶುರುಮಾಡಿದಾಗ ಇಂಗ್ಲಿಷರು ಅವನನ್ನು ಕಡಲ್ಗಳ್ಳ ಅಂತ ಕರೆದರು. ಅದೇ ಕಾಗದ, ಅದೇ ಕೆಲಸ!

ನಂತರದ ಇನ್ನೂರೈವತ್ತು ವರ್ಷವನ್ನು ಬೇಗ ದಾಟಿಬಿಡ್ತೇನೆ. ದಡದಿಂದ ಫಿರಂಗಿ ಗುಂಡು ಬೀಳುವಷ್ಟು ದೂರ ದಡದವನದ್ದು, ಉಳಿದದ್ದು ಎಲ್ಲರದ್ದು ಅನ್ನುವ ಲೆಕ್ಕ ರೂಢಿಗೆ ಬಂತು, ಸುಮಾರು ಮೂರು ಮೈಲಿ. ಬ್ರಿಟಿಷ್ ನೌಕಾಪಡೆ ಅದನ್ನು ಕಾಯ್ದುಕೊಂಡಿತು, ಏಕೆಂದರೆ ಅವರಿಗೆ ಅದರಲ್ಲೇ ಲಾಭ. ಎರಡನೇ ಮಹಾಯುದ್ಧದ ನಂತರ ಎಣ್ಣೆ, ಮೀನು ಅಂತ ಎಲ್ಲರೂ ಗೆರೆಯನ್ನು ಹೊರಕ್ಕೆ ಎಳೆಯತೊಡಗಿದಾಗ ವಿಶ್ವಸಂಸ್ಥೆಯಲ್ಲಿ ವರ್ಷಗಟ್ಟಲೆ ಕೂತು, 1982ರಲ್ಲಿ ಒಂದು ಒಡಂಬಡಿಕೆ ಮಾಡಿಕೊಂಡರು. ಜಾರಿಗೆ ಬಂದದ್ದು 1994ರಲ್ಲಿ, ಭಾರತ ಅನುಮೋದಿಸಿದ್ದು 1995ರಲ್ಲಿ. ದಡದಿಂದ 12 ನಾಟಿಕಲ್ ಮೈಲಿ ಆ ದೇಶದ ನೀರು. 200ರವರೆಗೆ ಮೀನು, ಎಣ್ಣೆ ಮುಂತಾದ ಸಂಪತ್ತು ಆ ದೇಶದ್ದು, ದಾರಿ ಮಾತ್ರ ಎಲ್ಲರದ್ದು. ಅದರಾಚೆ ಎಲ್ಲರದ್ದು. ಬಾಬ್ ಎಲ್ ಮಂದೆಬ್ ಥರದ ಜಲಸಂಧಿ, ಅಂದರೆ ಅತಿ ಕಿರಿದಾದ ಕಡೆ 30 ಕಿಲೋಮೀಟರ್ ಕೂಡ ಇಲ್ಲದ ಕಡಲ ಕಣಿವೆ, ಎರಡೂ ದಡದವರ ಸ್ವಂತ ನೀರಾದರೂ ಹಾದುಹೋಗುವ ಹಡಗನ್ನು ತಡೆಯುವ ಹಾಗಿಲ್ಲ. ಬಾರ್ಕೂರಿನ ಬಾಸದೇವನಿಗೂ ಗ್ರೋಷಿಯಸ್‌ಗೂ ರಾಜಿ ಮಾಡಿಸಿದ ಹಾಗೆ ಇದೆ ಅಲ್ವಾ? ನನ್ನ ಪ್ರಕಾರ ಮನುಷ್ಯರು ಮಾಡಿಕೊಂಡ ಅತ್ಯಂತ ಜಾಣ ಒಪ್ಪಂದಗಳಲ್ಲಿ ಇದೂ ಒಂದು.

ಈಗ ಇದು ಕಡೆ ಕಡೆಯಲ್ಲಿ ಹರಿಯುತ್ತಿದೆ. ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ನಕ್ಷೆಯ ಮೇಲೆ ಒಂಬತ್ತು ತುಂಡು ಗೆರೆ ಎಳೆದು ಬಹುಪಾಲು ತನ್ನದು ಅನ್ನುತ್ತೆ. ಫಿಲಿಪ್ಪೀನ್ಸ್ ಹೂಡಿದ ದಾವೆಯಲ್ಲಿ 2016ರ ಜುಲೈ 12ರಂದು ನ್ಯಾಯಮಂಡಳಿ, ಆ ಗೆರೆಯೊಳಗಿನ ಚಾರಿತ್ರಿಕ ಹಕ್ಕಿಗೆ ಕಾನೂನಿನ ಆಧಾರ ಇಲ್ಲ ಅಂತ ತೀರ್ಪು ಕೊಟ್ಟಿತು. ಚೀನಾ ಒಪ್ಪಲಿಲ್ಲ. ತೀರ್ಪಿನ ನಂತರವೂ ಫಿಲಿಪ್ಪೀನ್ಸ್ ದೋಣಿಗಳ ಮೇಲೆ ಜಲಫಿರಂಗಿ ಹಾರಿಸಿತು. ಒಡಂಬಡಿಕೆಯ ಹೆಸರಲ್ಲಿ ಚೀನಾಕ್ಕೆ ಬುದ್ಧಿ ಹೇಳುವ ಅಮೆರಿಕ, ಆ ಒಡಂಬಡಿಕೆಯನ್ನು ತಾನೇ ಅನುಮೋದಿಸಿಲ್ಲ. 2021ರ ಏಪ್ರಿಲ್ 7ರಂದು ಅದರ ಯುದ್ಧನೌಕೆ ಲಕ್ಷದ್ವೀಪದ ಪಶ್ಚಿಮಕ್ಕೆ ಭಾರತದ 200 ಮೈಲಿಯೊಳಗೆ ಅನುಮತಿ ಕೇಳದೆ ಓಡಾಡಿ, ಓಡಾಡಿದೆ ಅಂತ ಪ್ರಕಟಣೆಯನ್ನೂ ಹೊರಡಿಸಿತು. ಆ ವಲಯದಲ್ಲಿ ಸೈನಿಕ ಕವಾಯತು ಮಾಡಲು ನಮ್ಮ ಒಪ್ಪಿಗೆ ಬೇಕು ಅನ್ನುವುದು 1995ರಿಂದ ಭಾರತದ ನಿಲುವು. ಒಡಂಬಡಿಕೆಯಲ್ಲಿ ಹಾಗೆ ನೇರವಾಗಿ ಬರೆದಿಲ್ಲ. ಹಾಗಾಗಿ ನಮ್ಮ ಕೈಯೂ ಗೆರೆಯಿಂದ ಸ್ವಲ್ಪ ಆಚೆಗೇ ಚಾಚಿದೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ದೊಡ್ಡ ದೇಶಗಳ ಈ ಗೆರೆ ಎಳೆದಾಟಕ್ಕಿಂತ ನನಗೆ ದಿಗಿಲಾದದ್ದು ಕೆಂಪು ಸಮುದ್ರದ್ದು. 2023ರ ನವೆಂಬರ್ 19ರಂದು ಹೌತಿಗಳು ಹೆಲಿಕಾಪ್ಟರಿನಿಂದ ಇಳಿದು 'ಗ್ಯಾಲಕ್ಸಿ ಲೀಡರ್' ಹಡಗನ್ನು ಹಿಡಿದರು. ಅದರ 25 ಸಿಬ್ಬಂದಿ ಬಿಡುಗಡೆಯಾದದ್ದು 2025ರ ಜನವರಿಯಲ್ಲಿ, ಹದಿನಾಲ್ಕು ತಿಂಗಳ ಮೇಲೆ. ಅವರ್ಯಾರೂ ಇಸ್ರೇಲಿನವರಲ್ಲ. 2024ರ ಮಾರ್ಚಿನಲ್ಲಿ 'ಟ್ರೂ ಕಾನ್ಫಿಡೆನ್ಸ್' ಹಡಗಿನಲ್ಲಿ ಮೂವರು ನಾವಿಕರು ಸತ್ತರು, ಉಳಿದವರನ್ನು ಎತ್ತಿಕೊಂಡದ್ದು ನಮ್ಮ ಐಎನ್‌ಎಸ್ ಕೋಲ್ಕತ. 2025ರ ಜುಲೈನಲ್ಲಿ ಇನ್ನೂ ಎರಡು ಹಡಗು ಮುಳುಗಿಸಿದರು. ಹಡಗುಗಳು ಸೂಯೆಜ್ ಬಿಟ್ಟು, ಗಾಮ ಬಂದ ದಾರಿಯಲ್ಲೇ ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. ಸೂಯೆಜ್ ಕಾಲುವೆಯ ಆದಾಯ 2023ರಲ್ಲಿ ಸುಮಾರು 10 ಬಿಲಿಯನ್ ಡಾಲರ್ ಇದ್ದದ್ದು 2024ರಲ್ಲಿ 4ಕ್ಕೆ ಇಳಿಯಿತು.

ಮಂಗಳೂರಿನವರಿಗೆ ಇದು ದೂರದ ಸುದ್ದಿಯೂ ಅಲ್ಲ. 2023ರ ಡಿಸೆಂಬರ್ 23ರಂದು ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ 'ಕೆಮ್ ಪ್ಲೂಟೊ' ಅನ್ನುವ ಟ್ಯಾಂಕರಿಗೆ ಡ್ರೋನ್ ಬಡಿಯಿತು. ಸೌದಿಯಿಂದ ಕಚ್ಚಾತೈಲ ತುಂಬಿಕೊಂಡು ಅದು ಬರುತ್ತಿದ್ದದ್ದು ನವಮಂಗಳೂರು ಬಂದರಿಗೆ. ಹಡಗಿನಲ್ಲಿ 21 ಭಾರತೀಯರಿದ್ದರು, ಯಾರಿಗೂ ಏನೂ ಆಗಲಿಲ್ಲ. ಡ್ರೋನ್ ಬಂದದ್ದು ಇರಾನಿನಿಂದ ಅಂತ ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ಯಾರೇ ಕಳಿಸಿರಲಿ, ದಡದಿಂದ ಸಮುದ್ರದೊಳಕ್ಕೆ ಎಷ್ಟು ದೂರ ಕೈ ಚಾಚಬಹುದು ಅನ್ನುವ ಹಳೇ ಲೆಕ್ಕ ತಪ್ಪಿಹೋಗಿದೆ. ಫಿರಂಗಿಗೆ ಮೂರು ಮೈಲಿ ಇತ್ತು. ಬಾಸದೇವನಿಗೆ 30 ಹಡಗು, ಅವಕ್ಕೆ ಅಂಬಿಗರು ಬೇಕಿತ್ತು. ಈಗ ಒಂದು ಗುಡ್ಡದ ಮರೆ, ಒಂದು ಲಾರಿ ಸಾಕು.

ಚಿಕ್ಕಮ್ಮನ ಮಗ ಅಂದದ್ದು ನಿಜವೂ ಆಯಿತು. ಚೀನಾ, ರಷ್ಯಾದ ಹಡಗುಗಳಿಗೆ ತೊಂದರೆ ಕೊಡಲ್ಲ ಅಂತ ಹೌತಿಗಳು ಮಾತು ಕೊಟ್ಟಿದ್ದಾರೆ ಅಂತ 2024ರ ಮಾರ್ಚಿನಲ್ಲಿ ವರದಿ ಬಂತು. ಅದೇ ತಿಂಗಳ 23ರಂದು ಅವರ ಕ್ಷಿಪಣಿ ಬಡಿದದ್ದು 'ಹುವಾಂಗ್ ಪು' ಅನ್ನುವ, ಚೀನಾದವರದೇ ಟ್ಯಾಂಕರಿಗೆ. ರಹೀಮಿ ಹಡಗಿನಲ್ಲೂ ಕಾಗದ ಇತ್ತಲ್ಲ.

ಒಂದು ವಿಷಯ ಹೇಳಿ ನಿಲ್ಲಿಸ್ತೇನೆ. ಪಣಜಿಯ ಗೋವಾ ಪತ್ರಾಗಾರದಲ್ಲಿ ಕಾರ್ತಾಜ್‌ಗಳ ದಾಖಲೆ ಪುಸ್ತಕಗಳು ಇವೆ, ಯಾವ ಹಡಗಿಗೆ, ಯಾರ ಹೆಸರಿಗೆ, ಎಲ್ಲಿಗೆ ಹೋಗಲು ಕೊಟ್ಟದ್ದು ಅಂತ. ಎಲ್ಲ ಪೋರ್ಚುಗೀಸ್‌ನಲ್ಲಿ. ಬಸರೂರು, ಗಂಗೊಳ್ಳಿ, ಭಟ್ಕಳ, ಮಿರ್ಜಾನಿನ ವ್ಯಾಪಾರಿಗಳ ಹೆಸರನ್ನು ಅದರೊಳಗೆ ಹುಡುಕಬೇಕು ಅನ್ನುವ ಆಸೆ ಬಹಳ ದಿನದಿಂದ ಇದೆ. ನಿಮ್ಮಲ್ಲಿ ಯಾರಿಗಾದರೂ ಹಳೇ ಪೋರ್ಚುಗೀಸ್ ಕೈಬರಹ ಓದಲು ಬರುತ್ತಾ? ಬಂದರೆ ತಿಳಿಸಿ. ಬಸ್ಸಿನ ಖರ್ಚು, ಪಣಜಿಯಲ್ಲಿ ಮೀನೂಟ ನನ್ನದು.